ತಾಜ್ ಮಹಲ್ ಅವರಿಗೆ ಜೆ.ಪಿ. ನಗರದ ತಾಜ್ ಮಹಲಿನ ಯಜಮಾನನ ದೂರು

ಗೆ:
ತಾಜ್ ಮಹಲ್ ಅವರು,
ಯಮುನಾ ದಂಡೆ, ಆಗ್ರಾ.

ಇಂದ:
ಗುರುಬಸಪ್ಪ, ಹೆಡ್ ಗುಮಾಸ್ತೆ,
ಸದ್ಯಕ್ಕೆ ಸಿದ್ದಾಪುರದ ಒಂದು ವಠಾರ, ಆಷಾಢ ಕಳೆದ ಮೇಲೆ (ದೇವರ ದಯೆ ಇದ್ದರೆ) ಜೆ.ಪಿ. ನಗರ, ಬೆಂಗಳೂರು.

ಆಷಾಢ ಮಾಸ, 1984

ಮಾನ್ಯರೇ,

ಹಾಲಿನಂಥ ಕಲ್ಲಿನ ಮೈಯುಳ್ಳ, ನಾಲ್ಕು ಮಿನಾರುಗಳನ್ನು ನಾಲ್ಕು ಮೂಲೆಗೆ ಕಾವಲು ನಿಲ್ಲಿಸಿಕೊಂಡಿರುವ, ಹುಣ್ಣಿಮೆಯಲ್ಲಿ ಇನ್ನಷ್ಟು ಬೆಳ್ಳಗಾಗುತ್ತೀರೆಂದು ಕ್ಯಾಲೆಂಡರುಗಳಿಂದ ನಾವೆಲ್ಲ ತಿಳಿದಿರುವ ತಮ್ಮ ಸನ್ನಿಧಾನಕ್ಕೆ, ತಮ್ಮನ್ನು ಇದುವರೆಗೆ ಕಣ್ಣಾರೆ ಕಾಣದ, ರಜೆ ಸಿಕ್ಕಾಗಲೆಲ್ಲ ಅದನ್ನು ಸಿಮೆಂಟು ಹುಡುಕುವುದರಲ್ಲೇ ಕಳೆದ ಬೆಂಗಳೂರಿನ ಒಬ್ಬ ಬಡ ಗುಮಾಸ್ತೆಯ ಅನಂತ ನಮಸ್ಕಾರಗಳು. ತಮ್ಮನ್ನು ಶ್ರೀ ಎನ್ನಬೇಕೋ ಶ್ರೀಮತಿ ಎನ್ನಬೇಕೋ ತಿಳಿಯದೆ ಬರೀ ಮಾನ್ಯರೇ ಎಂದಿದ್ದೇನೆ, ಕ್ಷಮಿಸಬೇಕು. ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ಮುಂದೆ ಬರೆಯುವುದೆಲ್ಲ ಅದಕ್ಕೆ ತದ್ವಿರುದ್ಧವಾಗಿರುವುದರಿಂದ ಆ ಒಂದು ವಾಕ್ಯವನ್ನು ಬಿಟ್ಟಿದ್ದೇನೆ.

ಕಟ್ಟಡಕ್ಕೆ ಪತ್ರ ಬರೆಯುವವನ ತಲೆ ನೆಟ್ಟಗಿದೆಯೇ ಎಂದು ಇದನ್ನು ಓದುವ ನಾಲ್ಕು ಜನ ಕೇಳಬಹುದು. ನಾನು ಬಹಳ ವರ್ಷ ಕಚೇರಿಯಲ್ಲಿ ಕೂತು, ಜನ ಕೊಟ್ಟ ಅರ್ಜಿಗಳಿಗೆಲ್ಲ 'ತಮ್ಮ ವಿಷಯ ಪರಿಶೀಲನೆಯಲ್ಲಿದೆ' ಎಂದು ಉತ್ತರ ಬರೆದವನು. ಆ ವಿಷಯಗಳು ಎಲ್ಲಿ, ಯಾರ ಪರಿಶೀಲನೆಯಲ್ಲಿವೆ ಎಂಬುದು ನನಗೆ ಗೊತ್ತು. ಕಟ್ಟಡಗಳು ಉತ್ತರ ಬರೆಯುವುದಿಲ್ಲ ನಿಜ, ಆದರೆ ಸುಳ್ಳು ಉತ್ತರವನ್ನೂ ಬರೆಯುವುದಿಲ್ಲ. ಆ ಧೈರ್ಯದಿಂದ ನೇರವಾಗಿ ತಮ್ಮ ಬಳಿಗೇ ಬಂದಿದ್ದೇನೆ.

ದೂರು ತಮ್ಮ ಹೆಸರಿನ ಬಗ್ಗೆ. ಜೆ.ಪಿ. ನಗರದ ಹೊಸ ಬಡಾವಣೆಯಲ್ಲಿ ನನ್ನ ಪಕ್ಕದ ಸೈಟಿನಲ್ಲಿ ಮನೆ ಕಟ್ಟಿ, ನನ್ನ ಕಣ್ಣೆದುರಿಗೇ ಗೃಹಪ್ರವೇಶವನ್ನೂ ಮಾಡಿಕೊಂಡು, ಈಗ ದಿನವೂ ನಮ್ಮಿಬ್ಬರ ನಡುವಿನ ಕಾಂಪೌಂಡಿನ ಮೇಲೆ ಮೊಣಕೈ ಊರಿ ನನ್ನ ಕೆಲಸದ ಉಸ್ತುವಾರಿ ನೋಡುವ ನಿವೃತ್ತ ಚರಿತ್ರೆ ಮೇಷ್ಟರು ಸಂಜೀವಯ್ಯನವರು, ನಾನು ಕೇಳದಿದ್ದರೂ, ತಾಜ್ ಎಂದರೆ ಕಿರೀಟ, ಮಹಲ್ ಎಂದರೆ ಅರಮನೆ ಎಂದು ಬಿಡಿಸಿ ಹೇಳಿದರು. ಕೇಳಿದಾಗ ಸಂತೋಷವಾಯಿತು. ಆಮೇಲೆ ಯೋಚಿಸಿ ನೋಡಿದರೆ ತಮ್ಮಲ್ಲಿ ಯಾರ ಕಿರೀಟವೂ ಇಲ್ಲ, ತಾವು ಯಾರ ಅರಮನೆಯೂ ಅಲ್ಲ. ಯಾವ ಅರಸನೂ ತಮ್ಮಲ್ಲಿ ಸಂಸಾರ ಹೂಡಿಲ್ಲ, ದರ್ಬಾರು ನಡೆಸಿಲ್ಲ. ಅಲ್ಲಿ ಮಲಗಿದವರು ಇಬ್ಬರು, ಅವರು ಮತ್ತೆ ಎದ್ದಿಲ್ಲ. ಹೆಸರಿಗೆ ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಯನ್ನು ನಮ್ಮವರು ಮಾಡಿದ್ದು ತಮ್ಮನ್ನು ನೋಡಿ ಅಲ್ಲವೆಂದು ತಿಳಿದಿದ್ದರೂ, ಅದು ತಮಗೆ ಇಷ್ಟು ಚೆನ್ನಾಗಿ ಹೊಂದುವುದನ್ನು ಕಂಡು ಆಶ್ಚರ್ಯಪಟ್ಟೆ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯ ಊರುಗಳ ನಡವಳಿಕೆಯನ್ನು ತಾವು ದಯಮಾಡಿ ಗಮನಿಸಬೇಕು. ಬನ್ನೇರುಘಟ್ಟ ರಸ್ತೆಯಲ್ಲಿ ಮುಂದಕ್ಕೆ ಹೋದರೆ ಅರೆಕೆರೆ ಸಿಗುತ್ತದೆ. ಅರೆ ಎಂದರೆ ಬಂಡೆ ಎಂದು ವಾದಿಸುವವರು ಇರಬಹುದು, ನಾನು ಅರ್ಧ ಎನ್ನುವವರ ಪಕ್ಷ. ತನ್ನಲ್ಲಿರುವುದು ಅರ್ಧ ಕೆರೆ ಎಂದು ಬೋರ್ಡಿನಲ್ಲೇ ಒಪ್ಪಿಕೊಂಡ ಊರು ಅದು. ಇನ್ನೂ ಮುಂದಕ್ಕೆ ಹೋದರೆ ಹುಳಿಮಾವು. ಬೇಕಾದರೆ ಸಿಹಿಮಾವು, ರಸಪುರಿಮಾವು ಎಂದು ಕರೆದುಕೊಳ್ಳಬಹುದಿತ್ತು, ಯಾರೂ ಬೇಡ ಎನ್ನುತ್ತಿರಲಿಲ್ಲ, ಆದರೂ ಹುಳಿ ಎಂದೇ ಹೇಳಿಕೊಂಡು ಮರ್ಯಾದೆಯಿಂದ ಬಾಳುತ್ತಿದೆ. ಪ್ರಪಂಚಕ್ಕೇ ಪ್ರಸಿದ್ಧರಾದ ತಾವು ಈ ಸಣ್ಣ ಊರುಗಳಿಂದ ಕಲಿಯುವುದೇನೂ ಇಲ್ಲವೆಂದು ನಾನು ಹೇಳಲಾರೆ.

ಅರ್ಥ ಹೀಗಾದರೆ, ಇನ್ನು ಬಳಕೆ. ನಮ್ಮ ಬೆಂಗಳೂರಿನಲ್ಲಿ ತಮ್ಮ ಹೆಸರನ್ನು ಕ್ಷೌರದ ಅಂಗಡಿಗೆ ಇಟ್ಟಿದ್ದಾರೆ, ಮದುವೆಗೆ ಬಾರಿಸುವ ಬ್ಯಾಂಡ್ ಸೆಟ್ಟಿಗೆ ಇಟ್ಟಿದ್ದಾರೆ, ಎರಡು ಬೆಂಚಿನ ಟೀ ಅಂಗಡಿಗೂ ಇಟ್ಟಿದ್ದಾರೆ. ನಮಗೆ ಸೊಪ್ಪು ಕೊಡುವ ತಿಮ್ಮಕ್ಕ ಅದನ್ನು 'ತಾಜಾ ಮಾಲು' ಎಂದೇ ತಿಳಿದಿದ್ದಾಳೆ. ಹೊಸದಾಗಿ ಕಿತ್ತ ದಂಟಿನ ಸೊಪ್ಪಿಗೆ ಆ ಹೆಸರು ಒಪ್ಪುತ್ತದೆ, ಕಲ್ಲಿನ ಕಟ್ಟಡಕ್ಕೆ ಯಾಕೆ ಇಟ್ಟರು ಎಂದು ಅವಳ ಪ್ರಶ್ನೆ. ಇದೆಲ್ಲಕ್ಕಿಂತ ಹೆಚ್ಚಾಗಿ, ಯಾರಾದರೂ ಒಂದು ಕೆಲಸ ಹಿಡಿದು ಮುಗಿಸದೆ ಎಳೆಯುತ್ತಿದ್ದರೆ, ಅದು ಬಚ್ಚಲು ಒಲೆಗೆ ಮಣ್ಣು ಮೆತ್ತುವ ಕೆಲಸವೇ ಆಗಿರಲಿ, 'ಏನು, ತಾಜ್ ಮಹಲ್ ಕಟ್ತಾ ಇದೀಯಾ' ಎಂದು ಕೇಳುವುದು ನಮ್ಮಲ್ಲಿ ರೂಢಿಯಾಗಿದೆ. ತಮ್ಮ ಸೌಂದರ್ಯವನ್ನು ಲೋಕವೆಲ್ಲ ಹೊಗಳುತ್ತಿರುವಾಗ ನಮ್ಮ ಜನ ತಮ್ಮಿಂದ ನೆನಪಿಟ್ಟುಕೊಂಡದ್ದು ತಡವಾದದ್ದನ್ನು ಮಾತ್ರ.

ಅಷ್ಟಕ್ಕೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ತಮ್ಮ ಹೆಸರು ಸೀದಾ ನನ್ನ ಮನೆಗೇ ಬಂದು ಕಾಲು ಚಾಚಿ ಕೂತದ್ದರಿಂದ ಬರೆಯಬೇಕಾಯಿತು.

ನನಗೆ ಸೈಟು ಮಂಜೂರಾದಾಗ ಅಲ್ಲಿ ರಾಗಿ ಹೊಲ ಇನ್ನೂ ಪೂರ್ತಿ ಹೋಗಿರಲಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಸಿಮೆಂಟು ಪರ್ಮಿಟ್ಟಿನ ಕಾಲವನ್ನು ಕಂಡವರಲ್ಲ. ಕಂಡಿದ್ದರೆ ಮದುವೆಯನ್ನು ಆ ಗಾದೆಯಿಂದ ಕೈಬಿಡುತ್ತಿದ್ದರು. ಪಾಯಕ್ಕೆ ಸಿಮೆಂಟು ಸಿಕ್ಕಿತು, ಗೋಡೆಗೆ ಸಿಗಲಿಲ್ಲ. ಗೋಡೆಗೆ ಸಿಕ್ಕಿದಾಗ ಮರಳಿನ ಲಾರಿಯವನು ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದ. ಅವನು ಬರುವ ಹೊತ್ತಿಗೆ ಸಿಮೆಂಟು ಗಟ್ಟಿಯಾಗಿ ಮೂಟೆಯ ಆಕಾರದಲ್ಲೇ ಕಲ್ಲಾಗಿತ್ತು. ಲಿಂಟಲ್ ಮಟ್ಟಕ್ಕೆ ಬಂದು ನಿಂತ ಗೋಡೆಗಳ ನಡುವೆ ಒಂದು ಹರಳು ಗಿಡ ಹುಟ್ಟಿ, ಬೆಳೆದು, ಬೀಜ ಸಿಡಿಸಿ, ಅದರ ಮಕ್ಕಳು ಮರಿಗಳು ನಡುಮನೆಯಲ್ಲಿ ನಮಗಿಂತ ಮೊದಲೇ ವಾಸಕ್ಕೆ ಬಂದವು. ನಾನೂ ಸ್ವಲ್ಪ ಕಾರಣ ಎಂದು ನಮ್ಮ ಮನೆಯವರು ಹೇಳುತ್ತಾರೆ. ಅಡುಗೆಮನೆಯನ್ನು ಆಗ್ನೇಯದಲ್ಲಿ ಇಡಬೇಕೋ ಗಾಳಿ ಬರುವ ಕಡೆ ಇಡಬೇಕೋ ಎಂದು ನಾನು ಎರಡು ಬೇಸಿಗೆ ಯೋಚಿಸಿದ್ದು ಹೌದು.

ಒಂದು ಭಾನುವಾರ ನಮ್ಮ ಮನೆಯವರು, ಅಂದರೆ ಶಾಂತಾದೇವಿ, ಆ ಹರಳು ಗಿಡಗಳ ಮಧ್ಯೆ ನಿಂತು, ಇದು ಮುಗಿಯುವುದು ಯಾವಾಗ ಎಂದು ಮೇಸ್ತ್ರಿ ಯಲ್ಲಯ್ಯನನ್ನು ಕೇಳಿದರು. ಯಲ್ಲಯ್ಯ ಕರಣೆ ಕೆಳಗಿಟ್ಟು, ಬೀಡಿ ಕಿವಿಗೆ ಸಿಕ್ಕಿಸಿಕೊಂಡು, ಬಹಳ ಸಮಾಧಾನದ ದನಿಯಲ್ಲಿ ಹೇಳಿದ: "ತಾಜ್ ಮಹಲ್ ಕಟ್ಟಕ್ಕೇ ಇಪ್ಪತ್ತು ವರ್ಸದ ಮೇಲೆ ಹಿಡೀತಂತೆ ತಾಯಿ. ನಮ್ದು ಅಷ್ಟಾಗಲ್ಲ ಬಿಡಿ." ಶಾಂತಾದೇವಿ ನಕ್ಕರು. ಗಾರೆ ಕಲಸುತ್ತಿದ್ದ ಹೆಣ್ಣಾಳುಗಳೂ ನಕ್ಕರು. ಆ ನಗೆ ಮಧ್ಯಾಹ್ನ ಟೀ ಅಂಗಡಿಗೆ ಹೋಯಿತು, ಸಂಜೆ ಬಸ್ಸು ಹತ್ತಿತು.

ಬಸ್ಸಿನ ವಿಷಯ ಹೇಳಬೇಕು. ನಗರ ಸಾರಿಗೆಯ ಒಂದು ಬಸ್ಸು ನಮ್ಮ ಸೈಟಿನ ಮೂಲೆಯಲ್ಲಿ ತಿರುಗುತ್ತದೆ. ಅಲ್ಲಿ ಆಗ ದೇವಸ್ಥಾನ ಇರಲಿಲ್ಲ, ಶಾಲೆ ಇರಲಿಲ್ಲ, ಹೇಳಿಕೊಳ್ಳಲು ಒಂದು ಆಲದ ಮರವೂ ಇರಲಿಲ್ಲ. ಸ್ಟಾಪಿಗೆ ಹೆಸರಿಡಲು ಏನೂ ಇಲ್ಲದೆ ಕಂಡಕ್ಟರ್ ದಾಸಪ್ಪ ಬಹಳ ದಿನ ಬರೀ ಸೀಟಿ ಊದುತ್ತಿದ್ದ. ಯಲ್ಲಯ್ಯನ ಮಾತು ಕಿವಿಗೆ ಬಿದ್ದ ಮರುದಿನದಿಂದ ಅವನು ಬಾಗಿಲಲ್ಲಿ ಜೋತುಬಿದ್ದು, "ತಾಜ್ ಮಹಲ್ ಯಾರ್ರೀ, ಇಳೀರಿ" ಎಂದು ಕೂಗತೊಡಗಿದ. ಮೊದಮೊದಲು ಜನ ಕಿಟಕಿಯಿಂದ ಇಣುಕಿ ನೋಡಿ ನಗುತ್ತಿದ್ದರು. ಆಮೇಲೆ ನಗುವುದು ನಿಂತಿತು, ಹೆಸರು ಮಾತ್ರ ಉಳಿಯಿತು. ಈಗ ಅಂಚೆಯವನು, ಹಾಲಿನವನು, ಗ್ಯಾಸ್ ಸಿಲಿಂಡರಿನವನು ಎಲ್ಲರೂ ಹಾಗೇ ಅನ್ನುತ್ತಾರೆ. ತಾರಸಿ ಹಾಕುವ ಮುಂಚೆ ಒಮ್ಮೆ ತಿಪಟೂರಿನಿಂದ ಬಂದ ನನ್ನ ಭಾವಮೈದ, 'ಗುರುಬಸಪ್ಪನವರ ಮನೆ ಎಲ್ಲಿ' ಎಂದು ಕೇಳಿದರೆ ಬಡಾವಣೆಯಲ್ಲಿ ಒಬ್ಬರೂ ಹೇಳಲಿಲ್ಲವಂತೆ. ಸೂರಿಲ್ಲದ ಮನೆ, ಹರಳು ಗಿಡದ ಮನೆ ಎಂದು ಏನೇನೋ ಗುರುತು ಹೇಳಿದ ಮೇಲೆ, ಓಹೋ ತಾಜ್ ಮಹಲಾ ಎಂದು ಕೈಹಿಡಿದು ಕರೆತಂದು ಬಿಟ್ಟರಂತೆ.

ಇನ್ನು ಮುಂದಿನದು ನಗುವ ವಿಷಯವಲ್ಲ. ಆದ್ದರಿಂದ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ಮದುವೆಯಾದಾಗಿನಿಂದ ನಾವು ಸಿದ್ದಾಪುರದ ಒಂದು ವಠಾರದಲ್ಲಿ ಬಾಡಿಗೆಗಿದ್ದೇವೆ. ನಲ್ಲಿಯಿಂದ ಎಣಿಸಿದರೆ ನಮ್ಮದು ಕೊನೆಯ ಮನೆ. ಹೀಗಾಗಿ ಶಾಂತಾದೇವಿಯವರನ್ನು ವಠಾರದಲ್ಲಿ ಎಲ್ಲರೂ ಕರೆಯುವುದು ಕೊನೇಮನೆಯೋರು ಎಂದು. ನೀರಿನ ಸರದಿಯಲ್ಲಿ ಕೊನೇಮನೆ ಬಿಂದಿಗೆ, ಅರಿಸಿನ ಕುಂಕುಮಕ್ಕೆ ಕೊನೇಮನೆ ಆಂಟಿ, ರೇಷನ್ ಕಾರ್ಡಿನಲ್ಲಿ ಗುರುಬಸಪ್ಪನ ಹೆಂಡತಿ. ಊರಿಗೆ ಹೋದರೆ ಗುರುಬಸಪ್ಪನ ಮನೆಯಾಕೆ. ಅವರ ತಾಯಿ ತಂದೆ ಆಸೆಯಿಂದ ಇಟ್ಟ ಹೆಸರನ್ನು ಯಾರಾದರೂ ಬಾಯಿ ತುಂಬ ಕರೆದದ್ದು ನಾನು ಕೇಳಿಲ್ಲ; ನಾನೂ ಕರೆದವನಲ್ಲ, ನಮ್ಮಲ್ಲಿ ಗಂಡಂದಿರು 'ಏ, ಇಲ್ಲಿ ಬಾ' ಎನ್ನುವುದೇ ಸಂಪ್ರದಾಯ. ಹೊಸ ಮನೆಗೆ ಅವರು ಮೊಸಾಯಿಕ್ ನೆಲ ಕೇಳಲಿಲ್ಲ, ಸನ್‌ಮೈಕಾ ಹಾಕಿದ ಬೀರು ಕೇಳಲಿಲ್ಲ. ಕೇಳಿದ್ದು ಒಂದೇ. "ಗೇಟಿನ ಹತ್ರ ಒಂದು ಕಲ್ಲು ಹಾಕ್ಸಿ, ನನ್ನ ಹೆಸರಿರಲಿ. ನಾನು ಇರೋವಾಗ್ಲೇ." ಹಾಗೆಯೇ ಕಪ್ಪು ಕಲ್ಲಿನಲ್ಲಿ 'ಶಾಂತಾದೇವಿ ನಿಲಯ' ಎಂದು ಕೆತ್ತಿಸಿ ತಂದೆ. ಅದನ್ನು ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗಿಟ್ಟು, ಗುಡಿಸುವಾಗಲೆಲ್ಲ ಅವರು ಚೀಲದ ತುದಿ ಸರಿಸಿ ಒಮ್ಮೆ ನೋಡಿ ಮತ್ತೆ ಮುಚ್ಚುತ್ತಿದ್ದರು.

ಕೊನೆಗೂ ತಾರಸಿ ಹಾಕಿದ್ದಾಯಿತು, ಗಿಲಾವು ಮುಗಿಯಿತು, ಶ್ರಾವಣದ ಮೊದಲ ಸೋಮವಾರ ಗೃಹಪ್ರವೇಶವೆಂದು ಮಠದ ಸ್ವಾಮಿಗಳಿಗೂ ಹೇಳಿ ಬಂದೆವು. ಅದೇ ವಾರ ಸಂಜೀವಯ್ಯನವರು ಕಾಂಪೌಂಡಿನ ಮೇಲೆ ಮೊಣಕೈ ಊರಿ, ಶಾಂತಾದೇವಿಯವರಿಗೆ ಚರಿತ್ರೆಯ ಒಂದು ಪಾಠ ಮಾಡಿದರು. ತಮ್ಮ ಹೆಸರು ಏನೇ ಇರಲಿ, ತಾವು ಇರುವುದು ಒಂದು ಗೋರಿಯಾಗಿ ಎಂದೂ, ಬಾದಶಹರ ಬೇಗಂ ಹದಿನಾಲ್ಕನೆಯ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅವರ ನೆನಪಿಗೆ ಕಟ್ಟಿದ್ದೆಂದೂ, ಪ್ರೇಮಕ್ಕೆ ಇದಕ್ಕಿಂತ ದೊಡ್ಡ ಗುರುತು ಜಗತ್ತಿನಲ್ಲೇ ಇಲ್ಲವೆಂದೂ ಅವರು ವಿವರಿಸಿದರು. ಮೇಷ್ಟರ ಉದ್ದೇಶ ಒಳ್ಳೆಯದೇ. ಶಾಂತಾದೇವಿ ಪೂರ್ತಿ ಕೇಳಿ, ನನ್ನ ಕಡೆ ತಿರುಗಿ ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ, ಯಾಕೆಂದರೆ ಅದು ನನಗಿಂತ ತಮಗೇ ಹೆಚ್ಚು ಸಲ್ಲಬೇಕಾದ ಮಾತು.

"ಹೆಂಡ್ತಿ ಸತ್ಮೇಲೆ ಕಟ್ಟಿದ್ದಾ ಅದು? ಬದುಕಿರೋ ಹೆಂಡ್ತಿಗೆ ಒಂದು ಅಡುಗೆಮನೆ ಕಟ್ಟಕ್ಕೆ ಇಷ್ಟು ವರ್ಷ, ಅದಕ್ಕೆ ಗೋರಿ ಹೆಸರು ಬೇರೆ. ಆ ಹೆಸರು ಕೂಗೋದು ನಿಲ್ಲೋ ತನಕ ನಾನು ಅಲ್ಲಿ ಹಾಲು ಉಕ್ಕಿಸಲ್ಲ."

ಹೇಳಿ, ಸಿದ್ದಾಪುರಕ್ಕೆ ಬಂದು, ಮಂಚದ ಕೆಳಗಿದ್ದ ಕಲ್ಲನ್ನು ಇನ್ನೂ ಒಳಕ್ಕೆ ಗೋಡೆಯವರೆಗೆ ತಳ್ಳಿದರು. ಈಗ ಗುಡಿಸುವಾಗ ಅದನ್ನು ನೋಡುವುದಿಲ್ಲ. ಮಾನ್ಯರೇ, ನನಗೆ ಭಯವಾಗಿದೆ. ಇಷ್ಟು ವರ್ಷ ಸಿಮೆಂಟಿನ ಕಚೇರಿಯ ಬಾಗಿಲಲ್ಲಿ ನಿಂತದ್ದು ನಾನೊಬ್ಬನೇ ಹೋಗಿ ಆ ಮನೆಯಲ್ಲಿ ಕೂರುವುದಕ್ಕಲ್ಲ.

ನಮ್ಮ ತಾಯಿ ನೀಲಗಂಗಮ್ಮನವರು ಇದನ್ನು ಸರಿಪಡಿಸಲು ಹೋಗಿ ಇನ್ನಷ್ಟು ಕೆಡಿಸಿದರು. ವಠಾರದ ಮನೆಯ ಗೋಡೆಗೆ ಎಣ್ಣೆ ಮಂಡಿಯವರು ಕೊಟ್ಟ ಕ್ಯಾಲೆಂಡರಿದೆ, ಅದರಲ್ಲಿರುವುದು ತಾವೇ. ಗೋರಿ ಎಂಬ ಮಾತು ಅವರ ಕಿವಿಗೆ ಬಿದ್ದದ್ದು ಸ್ವಲ್ಪ ತಡವಾಗಿ. "ಅಂದ್ರೆ ಇದು ಗದ್ದುಗೆ ಅಲ್ವೇನೋ" ಎಂದರು. ತಮಗೆ ತಿಳಿಯದಿರಬಹುದು, ನಮ್ಮಲ್ಲಿ ಸ್ವಾಮಿಗಳು ಲಿಂಗೈಕ್ಯರಾದಾಗ ಅವರನ್ನು ಮಣ್ಣು ಮಾಡಿದ ಜಾಗವನ್ನು ಗೋರಿ ಎನ್ನುವುದಿಲ್ಲ, ಗದ್ದುಗೆ ಎನ್ನುತ್ತೇವೆ. ಹೂ ಏರಿಸುತ್ತೇವೆ, ಹರಕೆ ಹೊರುತ್ತೇವೆ. ಹಾಗಾಗಿ ಅವರು ಕನ್ನಡಕ ಏರಿಸಿ ತಮ್ಮನ್ನು ಹತ್ತಿರದಿಂದ ನೋಡಿ, "ಹೆಣ್ಮಗಳ ಗದ್ದುಗೆನಾ ಇದು? ಎಂಥಾ ಪುಣ್ಯಾತ್ಗಿತ್ತಿ ಇದ್ದಾಳು" ಎಂದು, ಎಣ್ಣೆ ಮಂಡಿಯ ಕ್ಯಾಲೆಂಡರಿಗೆ ಮೂರು ಬೆರಳಿನ ವಿಭೂತಿ ಎಳೆದು ಕೈಮುಗಿದರು. ತಾವು ಈವರೆಗೆ ಬಹಳ ಜನರ ಹೊಗಳಿಕೆ ಕೇಳಿರಬಹುದು. ವಿಭೂತಿ ಧರಿಸಿದ್ದು ಸಿದ್ದಾಪುರದಲ್ಲಿ ಮಾತ್ರ ಎಂದು ನನ್ನ ಅಂದಾಜು.

ಆ ರಾತ್ರಿ ಊಟಕ್ಕೆ ಕೂತಾಗ ನನಗೆ ಹೊಳೆಯಿತು. ಗದ್ದುಗೆ ಎಂದರೆ ನಿಜವಾಗಿ ಸಿಂಹಾಸನ. ಅರಸರು ಗದ್ದುಗೆ ಏರಿದರು ಎನ್ನುತ್ತೇವೆ. ಅದೇ ಮಾತನ್ನು ತೀರಿಹೋದ ದೊಡ್ಡವರಿಗೆ ಇಟ್ಟು, ಅವರು ಸತ್ತಿಲ್ಲ, ಕೂತಿದ್ದಾರೆ ಎಂದು ನಮ್ಮ ಜನ ಮನಸ್ಸಿಗೆ ಸಮಾಧಾನ ಮಾಡಿಕೊಂಡರು. ತಮ್ಮ ಕಡೆಯವರು ಕಿರೀಟ ಎಂದರು, ನಮ್ಮ ಕಡೆಯವರು ಸಿಂಹಾಸನ ಎಂದರು. ಮಣ್ಣು ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ. ಹೀಗೆ ನೋಡಿದರೆ ತಮ್ಮ ಹೆಸರು ನಾನು ಮೇಲೆ ಬೈದಷ್ಟು ಸುಳ್ಳೇನೂ ಅಲ್ಲ, ಪ್ರೀತಿ ಇದ್ದ ಕಡೆ ಜನ ಹಾಗೆಯೇ ಹೆಸರಿಡುತ್ತಾರೆ. ಈ ಮಾತನ್ನು ಬಹಳ ಉತ್ಸಾಹದಿಂದ ಶಾಂತಾದೇವಿಯವರಿಗೆ ಹೇಳಿದೆ. ಅವರು ಸಾರು ಬಡಿಸುತ್ತಾ, ಹಾಗಾದರೆ ಹೊಸ ಮನೆಯಲ್ಲಿ ತಾನು ಮಂಗಳಾರತಿ ಮಾಡಿಸಿಕೊಂಡು ಕೂತಿರಬೇಕೇ, ಮುದ್ದೆ ಯಾರು ತೊಳಸುತ್ತಾರೆ ಎಂದು ಕೇಳಿದರು. ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಆದ್ದರಿಂದ ತಮ್ಮಲ್ಲಿ ನನ್ನ ಸವಿನಯ ಬೇಡಿಕೆಗಳು. ತಾವು ಕೃಪೆಮಾಡಿ ಒಂದು ದಿನದ ಮಟ್ಟಿಗೆ ಬೆಂಗಳೂರಿಗೆ ದಯಮಾಡಿಸಿ, ದಾಸಪ್ಪನ ಬಸ್ಸಿನಲ್ಲಿ ಪ್ರಯಾಣ ಮಾಡಿ (ನಿಂತು ಬರಬೇಕಾಗಬಹುದು, ಮಿನಾರುಗಳನ್ನು ಸ್ವಲ್ಪ ಮಡಚಿಕೊಳ್ಳಬೇಕು), ನಮ್ಮ ಮೂಲೆಯಲ್ಲಿ ಇಳಿದು, ತಾವು ತಾವೇ, ಆ ಗಿಲಾವಿನ ಮನೆ ತಾವಲ್ಲ ಎಂದು ನಾಲ್ಕು ಜನರ ಮುಂದೆ ಸ್ಪಷ್ಟಪಡಿಸಬೇಕು. ಅದು ತೊಂದರೆಯಾದರೆ ತಮ್ಮ ಹೆಸರನ್ನು ಬದಲಾಯಿಸಿಕೊಳ್ಳಬಹುದು. ಕಾಗದಪತ್ರದ ಕೆಲಸ ನಾನು ಮಾಡಿಕೊಡುತ್ತೇನೆ, ಆ ವಿದ್ಯೆ ನನಗೆ ಗೊತ್ತು. ಅದೂ ಆಗದಿದ್ದರೆ, ತಮ್ಮನ್ನು ನೋಡಲು ಬರುವ ಗಂಡಂದಿರು ಹೆಂಡತಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ನಿಟ್ಟುಸಿರು ಬಿಡುವಾಗ, ಇವನ್ನೆಲ್ಲ ಆಕೆ ಬದುಕಿರುವಾಗಲೇ ಮಾಡಿ ಎಂಬ ಒಂದು ಬೋರ್ಡನ್ನಾದರೂ ಗೇಟಿನಲ್ಲಿ ಹಾಕಿಸಬೇಕು. ಕನ್ನಡದಲ್ಲಿಯೂ ಇದ್ದರೆ ಒಳ್ಳೆಯದು.

ಶ್ರಾವಣಕ್ಕೆ ಹೆಚ್ಚು ದಿನ ಉಳಿದಿಲ್ಲವಾದ್ದರಿಂದ ಈ ವಿಷಯವನ್ನು ಪರಿಶೀಲನೆಯಲ್ಲಿ ಇಡದೆ, ಕೂಡಲೇ ತೀರ್ಮಾನಿಸಬೇಕೆಂದು ಕೋರುವ, ತಮ್ಮ ಹೆಸರಿನ ಭಾರ ಹೊತ್ತಿದ್ದರೂ ತಮ್ಮ ಮೇಲೆ ಎಳ್ಳಷ್ಟೂ ಮುನಿಸಿಲ್ಲದ,

ತಮ್ಮ ವಿಶ್ವಾಸಿ,
ಗುರುಬಸಪ್ಪ

ಮರೆತ ಮಾತು: ಪತ್ರವನ್ನು ಅಂಚೆಗೆ ಹಾಕುವುದರೊಳಗೆ ತಮ್ಮ ಸಹಾಯವಿಲ್ಲದೆಯೇ ಕೆಲಸ ಆಗಿಹೋಯಿತು. ಗೃಹಪ್ರವೇಶದ ಹಿಂದಿನ ವಾರ ಶಾಂತಾದೇವಿ, ಅಡುಗೆಮನೆಯ ಕಟ್ಟೆ ತಾನು ಹೇಳಿದ ಎತ್ತರಕ್ಕೇ ಇದೆಯೋ ಎಂದು ನೋಡುವ ನೆಪದಲ್ಲಿ, ನನ್ನನ್ನು ಕರೆದುಕೊಂಡು ದಾಸಪ್ಪನ ಬಸ್ಸು ಹತ್ತಿದರು. ಗೋಣಿಚೀಲದ ಕಲ್ಲು ನನ್ನ ತೊಡೆಯ ಮೇಲಿತ್ತು. ಮಂಚದ ಕೆಳಗಿನಿಂದ ಅದನ್ನು ಎಳೆದು ತಂದವರು ಇವರೇ. ನಮ್ಮ ಮೂಲೆ ಬಂತು, ದಾಸಪ್ಪ ಎಂದಿನಂತೆ ಕೂಗಿದ. ಇವರು ಸೀಟಿನಿಂದ ಏಳಲಿಲ್ಲ. ತಾಜ್ ಮಹಲ್ ಬಂತು ತಾಯಿ, ಇಳೀರಿ ಎಂದು ಅವನು ಹತ್ತಿರ ಬಂದು ಹೇಳಿದ. "ತಾಜ್ ಮಹಲಲ್ಲಿ ನಾನು ಇಳಿಯಲ್ಲಪ್ಪ. ಶಾಂತಾದೇವಿ ಮನೆ ಅಂತ ಕೂಗು, ಇಳೀತೀನಿ" ಎಂದರು. ಡ್ರೈವರ್ ಇಂಜಿನ್ ಆರಿಸಿದ. ಹಿಂದಿನ ಸೀಟಿನವರು ಆಫೀಸಿಗೆ ಹೊತ್ತಾಯಿತು ಎಂದರು, ಮುಂದಿನ ಸೀಟಿನ ಹೆಂಗಸರು ಕೂಗಿದರೆ ನಿನ್ನ ಗಂಟೇನು ಹೋಗುತ್ತೆ ಎಂದು ದಾಸಪ್ಪನನ್ನೇ ತರಾಟೆಗೆ ತೆಗೆದುಕೊಂಡರು. ಅವನು ಬಾಗಿಲಿಗೆ ಹೋಗಿ, ಗಂಟಲು ಸರಿಮಾಡಿಕೊಂಡು, "ಶಾಂತಾದೇವಿ ಮನೆ ಯಾರ್ರೀ" ಎಂದ. ಇವರು ಸೆರಗು ಸರಿಮಾಡಿಕೊಂಡು ಇಳಿದರು. ಅಷ್ಟು ಗಟ್ಟಿಯಾಗಿ ಆ ಹೆಸರನ್ನು ಯಾರಾದರೂ ಕರೆದದ್ದನ್ನು ಅವರು ಕೇಳಿರಲಿಲ್ಲ. ನನ್ನ ಮುಂದೆ ನಡೆಯುತ್ತಾ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿಲ್ಲವೆಂದು ತಿಳಿದಿದ್ದಾರೆ.

ಕಲ್ಲು ಗೇಟಿನ ಪಕ್ಕ ಕೂತಿತು, ಸೋಮವಾರ ಹಾಲು ಉಕ್ಕಿತು. ಕೂಗಿ ಕೂಗಿ ಆ ಹೆಸರು ದಾಸಪ್ಪನ ಬಾಯಲ್ಲಿ ಸವೆದು ಈಗ ಶಾಂತಮ್ಮ ಸ್ಟಾಪ್ ಆಗಿದೆ. ಇದನ್ನು ಸಂಜೀವಯ್ಯನವರಿಗೆ ಹೇಳಿದರೆ ಅವರು ಮೊಣಕೈ ಊರಿಕೊಂಡೇ, ಆಗ್ರಾದ್ದೂ ಹೀಗೆಯೇ ಎನ್ನುವವರಿದ್ದಾರೆ, ಆ ಬೇಗಂ ಅವರ ಹೆಸರು ಮುಮ್ತಾಜ್ ಮಹಲ್, ಜನರ ಬಾಯಲ್ಲಿ ತಲೆಯ ಭಾಗ ಸವೆದು ತಾಜ್ ಮಹಲ್ ಆಗಿರಬೇಕು ಎಂದರು. ಹಾಗಾದರೆ ತಮ್ಮನ್ನು ಶ್ರೀಮತಿ ಎಂದೇ ಕರೆಯಬೇಕಿತ್ತು, ತಪ್ಪಾಯಿತು. ಕಟ್ಟಿಸಿದ ಬಾದಶಹರ ಹೆಸರು ತಮ್ಮ ಹೆಸರಿನಲ್ಲಿ ಎಲ್ಲೂ ಇಲ್ಲ ಎಂಬುದು ಆಗ ಹೊಳೆಯಿತು. ನಿನ್ನೆ ಬಸ್ಸಿನಲ್ಲಿ ದಾಸಪ್ಪ ನನ್ನನ್ನು ಪಕ್ಕದವರಿಗೆ, ಇವರು ಶಾಂತಮ್ಮ ಸ್ಟಾಪಿನೋರು ಎಂದು ಪರಿಚಯ ಮಾಡಿಕೊಟ್ಟ. ಬಾದಶಹರಿಗೆ ನನ್ನ ಸಹಾನುಭೂತಿ ತಿಳಿಸಿ. ಆದರೆ ಒಂದು ವಿಷಯದಲ್ಲಿ ನಾನು ಅವರಿಗಿಂತ ಮೇಲು: ಇದನ್ನು ಬರೆಯುತ್ತಿರುವಾಗ ಒಳಗೆ ಒಗ್ಗರಣೆ ಸಿಡಿಯುತ್ತಿದೆ, ಊಟಕ್ಕೆ ಬನ್ನಿ ಎಂದು ಶಾಂತಾ ಕರೆಯುತ್ತಿದ್ದಾಳೆ. ತಮ್ಮಲ್ಲಿ ಎಲ್ಲ ಇದೆಯಂತೆ, ಅಡುಗೆಮನೆ ಮಾತ್ರ ಇಲ್ಲವಂತೆ.